ಕುಡಿತ ಬಿಟ್ಟವರ ಸಭೆ ಎಲ್ಲಿ, ಯಾವಾಗ ನಡೆಯುತ್ತದೆ ಎಂಬುದನ್ನೂ ಪ್ರಕಟಿಸಿ

ಮಾನ್ಯ ಸಂಪಾದಕರೇ,

ತಮ್ಮ ಪತ್ರಿಕೆಯ ಜಿಲ್ಲಾ ಪುಟದಲ್ಲಿ ಬರುವ ದಿನದ ಕಾರ್ಯಕ್ರಮಗಳ ಅಂಕಣವನ್ನು ನಾನು ತಪ್ಪದೆ ಓದುತ್ತೇನೆ. ಯಾವ ಮಠದಲ್ಲಿ ಪ್ರವಚನ, ಯಾವ ಕಲ್ಯಾಣ ಮಂಟಪದಲ್ಲಿ ಉಚಿತ ನೇತ್ರ ತಪಾಸಣೆ, ಯಾವ ಸಹಕಾರ ಸಂಘದ ವಾರ್ಷಿಕ ಮಹಾಸಭೆ ಎಷ್ಟು ಗಂಟೆಗೆ ಎಂಬುದೆಲ್ಲ ಅಲ್ಲಿ ಸಿಗುತ್ತದೆ. ಆದರೆ ಕುಡಿತ ಬಿಡಲೇಬೇಕೆಂದು ಮನಸ್ಸು ಮಾಡಿದ ಒಬ್ಬ ಮನುಷ್ಯ, ಅಥವಾ ಅವನ ಹೆಂಡತಿ, ತಾಯಿ, ಒಡಹುಟ್ಟಿದವರು, ಕುಡಿತ ಬಿಟ್ಟವರು ಒಟ್ಟಿಗೆ ಕೂರುವ ಸಭೆ ತಮ್ಮ ಊರಿನ ಹತ್ತಿರ ಯಾವ ವಾರ, ಎಲ್ಲಿ, ಎಷ್ಟು ಹೊತ್ತಿಗೆ ನಡೆಯುತ್ತದೆ ಎಂದು ಹುಡುಕಿದರೆ ಆ ಅಂಕಣದಲ್ಲಾಗಲಿ, ತಾಲ್ಲೂಕು ಆಸ್ಪತ್ರೆಯ ಗೋಡೆಯ ಮೇಲಾಗಲಿ, ಗ್ರಾಮ ಪಂಚಾಯಿತಿಯ ಸೂಚನಾ ಫಲಕದಲ್ಲಾಗಲಿ ಒಂದು ಸಾಲೂ ಕಾಣುವುದಿಲ್ಲ. ಈ ಸಭೆಗಳ ಸ್ಥಳ, ವಾರ ಮತ್ತು ಸಮಯವನ್ನು ವಾರಕ್ಕೊಮ್ಮೆಯಾದರೂ ಪ್ರಕಟಿಸಬೇಕೆಂದು ಕೋರಲು ಈ ಪತ್ರ ಬರೆಯುತ್ತಿದ್ದೇನೆ. ಕೋರಿಕೆ ಚಿಕ್ಕದು; ಅದರ ಹಿಂದಿನ ಕಾರಣಗಳನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕಾಗಿರುವುದರಿಂದ ಪತ್ರ ಉದ್ದವಾಗಿದೆ, ಕ್ಷಮೆಯಿರಲಿ.

ನಾನು ಸರ್ಕಾರಿ ಆಸ್ಪತ್ರೆಗಳಲ್ಲಿ ಫಾರ್ಮಸಿಸ್ಟ್ ಆಗಿ ದುಡಿದು ನಿವೃತ್ತನಾದವನು. ಔಷಧ ಕೊಡುವ ಕಿಟಕಿಯ ಈಚೆ ಕುಳಿತವನಿಗೆ ಊರಿನ ಕುಡಿತದ ಲೆಕ್ಕ ಯಾರೂ ಹೇಳದೆಯೇ ತಿಳಿಯುತ್ತದೆ. ಬೆಳಿಗ್ಗೆ ಒಂಬತ್ತಕ್ಕೆ ಚೀಟಿ ಹಿಡಿದು ನಿಂತ ಕೈ ನಡುಗುತ್ತಿದ್ದರೆ, ಚೀಟಿಯಲ್ಲಿ ಹೊಟ್ಟೆ ಉರಿಯ ಮಾತ್ರೆ ಬರೆದಿದ್ದರೂ, ಕಾಯಿಲೆ ಬೇರೆ ಎಂಬುದು ನಮಗೆ ಗೊತ್ತಾಗುತ್ತಿತ್ತು. ಅಂಥವರಲ್ಲಿ ಕೆಲವರು ಕಿಟಕಿಗೆ ಮುಖ ತಂದು, ಹಿಂದೆ ನಿಂತವರಿಗೆ ಕೇಳದ ಹಾಗೆ, ‘ಬಿಡೋಕೆ ಏನಾದ್ರೂ ಇದ್ಯಾ ಸಾರ್’ ಎಂದು ಕೇಳುತ್ತಿದ್ದರು. ದೊಡ್ಡಾಸ್ಪತ್ರೆಗೆ ಹೋಗಿ ಎನ್ನುವುದನ್ನು ಬಿಟ್ಟರೆ ಅವರ ಕೈಗೆ ಕೊಡಲು ನಮ್ಮ ಬಳಿ ಒಂದು ವಿಳಾಸವೂ ಇರುತ್ತಿರಲಿಲ್ಲ.

ಈ ಮಾತು ನಮ್ಮ ಒಂದು ಆಸ್ಪತ್ರೆಗೆ ಮಾತ್ರ ಸಂಬಂಧಿಸಿದ್ದಲ್ಲ. ಕೇಂದ್ರದ ಸಾಮಾಜಿಕ ನ್ಯಾಯ ಸಚಿವಾಲಯಕ್ಕಾಗಿ ದೆಹಲಿಯ ಏಮ್ಸ್ ಸಂಸ್ಥೆಯ ವ್ಯಸನ ಚಿಕಿತ್ಸಾ ಕೇಂದ್ರ ನಡೆಸಿದ ರಾಷ್ಟ್ರೀಯ ಸಮೀಕ್ಷೆಯ ವರದಿ 2019ರಲ್ಲಿ ಹೊರಬಂತು. ದೇಶದಲ್ಲಿ 10ರಿಂದ 75 ವರ್ಷದೊಳಗಿನ ಸುಮಾರು 16 ಕೋಟಿ ಜನ ಮದ್ಯ ಸೇವಿಸುತ್ತಾರೆ ಎಂದೂ, ಅವರಲ್ಲಿ 5.7 ಕೋಟಿ ಜನರಿಗೆ ಕುಡಿತದ ತೊಂದರೆಗೆ ಸಹಾಯ ಬೇಕಾಗಿದೆ ಎಂದೂ ಅದು ಹೇಳಿತು. ಅದಕ್ಕಿಂತ ನನ್ನನ್ನು ಹೆಚ್ಚು ಕಾಡಿದ್ದು ಇನ್ನೊಂದು ಅಂಕಿ. ಮದ್ಯಕ್ಕೆ ಸಂಪೂರ್ಣ ದಾಸರಾದ ಪ್ರತಿ 38 ಮಂದಿಯಲ್ಲಿ ಯಾವುದಾದರೊಂದು ಬಗೆಯ ಚಿಕಿತ್ಸೆ ಸಿಕ್ಕಿದ್ದು ಒಬ್ಬರಿಗೆ ಮಾತ್ರ. ಉಳಿದ 37 ಮಂದಿಯೂ ಬಿಡಲು ಒಲ್ಲದವರು ಎಂದು ನಾನು ನಂಬಲಾರೆ. ಎಲ್ಲಿಗೆ ಹೋಗಬೇಕೆಂದು ತಿಳಿಯದವರು ಅವರಲ್ಲಿ ಬಹಳ ಮಂದಿ ಇದ್ದಾರೆ.

ಮದ್ಯವ್ಯಸನಿಗಳ ಪರಸ್ಪರ ಸಹಾಯದ ಸಭೆ ಎಂದರೆ ಏನೆಂದು ತಿಳಿಯದ ಓದುಗರಿಗಾಗಿ ನಾಲ್ಕು ಮಾತು. ಇವುಗಳಲ್ಲಿ ಹೆಚ್ಚು ಹರಡಿರುವುದು ಆಲ್ಕೊಹಾಲಿಕ್ಸ್ ಅನಾನಿಮಸ್, ಜನರ ಬಾಯಲ್ಲಿ ಎಎ. 1935ರಲ್ಲಿ ಅಮೆರಿಕದ ಓಹಾಯೋ ರಾಜ್ಯದ ಆಕ್ರನ್ ನಗರಕ್ಕೆ ವ್ಯವಹಾರದ ಮೇಲೆ ಬಂದು, ಕೆಲಸ ಕೈಗೂಡದೆ, ಹೋಟೆಲಿನಲ್ಲಿ ಒಂಟಿಯಾಗಿ ಉಳಿದಿದ್ದ ಬಿಲ್ ವಿಲ್ಸನ್ ಎಂಬ ಷೇರು ವ್ಯವಹಾರಸ್ಥ ಕುಡಿತ ಬಿಟ್ಟು ಆಗ ಕೆಲವೇ ತಿಂಗಳಾಗಿತ್ತು. ಪಕ್ಕದಲ್ಲೇ ಹೋಟೆಲಿನ ಬಾರ್. ಮತ್ತೆ ಕುಡಿದುಬಿಡುತ್ತೇನೆಂಬ ಭಯದಿಂದ ಆತ ಹೋಟೆಲಿನ ಮೊಗಸಾಲೆಯಲ್ಲಿ ತೂಗುಹಾಕಿದ್ದ ಊರಿನ ಚರ್ಚುಗಳ ಪಟ್ಟಿಯನ್ನು ನೋಡಿ, ಮಾತನಾಡಲು ತನ್ನಂಥದೇ ಇನ್ನೊಬ್ಬ ಕುಡುಕ ಬೇಕೆಂದು ದೂರವಾಣಿ ಕರೆಗಳನ್ನು ಮಾಡುತ್ತಾ ಹೋದ. ಆ ಕರೆಗಳ ಕೊನೆಗೆ ಸಿಕ್ಕವರು ಅದೇ ಊರಿನ ಶಸ್ತ್ರವೈದ್ಯ ಡಾ. ಬಾಬ್ ಸ್ಮಿತ್. ಆ ವೈದ್ಯರು ಕೊನೆಯ ಬಾರಿ ಕುಡಿದ ದಿನವಾದ 1935ರ ಜೂನ್ 10ನ್ನು ಆ ಸಂಘಟನೆ ತನ್ನ ಹುಟ್ಟಿದ ದಿನವೆಂದು ಲೆಕ್ಕಹಾಕುತ್ತದೆ. ಗೋಡೆಯ ಮೇಲೊಂದು ವಿಳಾಸ ಪಟ್ಟಿ ಇಲ್ಲದಿದ್ದರೆ ಆ ಇಬ್ಬರ ಭೇಟಿಯೇ ಆಗುತ್ತಿರಲಿಲ್ಲವೇನೋ; ನನ್ನ ಕೋರಿಕೆಗೆ ಇದಕ್ಕಿಂತ ಒಳ್ಳೆಯ ಆಧಾರ ನನಗೆ ಸಿಕ್ಕಿಲ್ಲ.

ಸಭೆಗೆ ಸೇರಲು ಶುಲ್ಕವಿಲ್ಲ, ಹಾಜರಿ ಪುಸ್ತಕವಿಲ್ಲ, ಆಧಾರ್ ಕಾರ್ಡ್ ಯಾರೂ ಕೇಳುವುದಿಲ್ಲ. ಕುಡಿತ ಬಿಡಬೇಕೆಂಬ ಆಸೆಯೊಂದೇ ಅರ್ಹತೆ. ಮದ್ಯವ್ಯಸನಿಗಳು ಮಾತ್ರ ಸೇರುವ ಮುಚ್ಚಿದ ಸಭೆಗಳೂ, ಮನೆಯವರು ಮತ್ತು ಆಸಕ್ತರು ಕೂಡ ಬರಬಹುದಾದ ತೆರೆದ ಸಭೆಗಳೂ ಇರುತ್ತವೆ. ಜೀವನಪೂರ್ತಿ ಕುಡಿಯುವುದಿಲ್ಲವೆಂದು ಅಲ್ಲಿ ಯಾರೂ ಆಣೆ ಮಾಡಿಸುವುದಿಲ್ಲ. ಇವತ್ತೊಂದು ದಿನ, ಈ 24 ಗಂಟೆ ಕುಡಿಯದಿರುವುದು ಅವರ ಲೆಕ್ಕ. ಹಳಬರಲ್ಲಿ ಒಬ್ಬರು ಹೊಸಬನಿಗೆ ಸ್ಪಾನ್ಸರ್ ಆಗಿ, ಹೊತ್ತುಗೊತ್ತಿಲ್ಲದೆ ಫೋನ್ ಮಾಡಲು ಸಿಗುತ್ತಾರೆ. ಇಂಥ ಸಭೆಗಳಿಂದ ಪ್ರಯೋಜನವಿದೆಯೇ ಎಂದು ಕೇಳುವವರಿಗೆ ಒಂದು ಉತ್ತರವಿದೆ. 2020ರಲ್ಲಿ ಕಾಕ್ರೇನ್ ಸಂಸ್ಥೆ 27 ಅಧ್ಯಯನಗಳನ್ನು, ಅವುಗಳಲ್ಲಿದ್ದ ಹತ್ತು ಸಾವಿರಕ್ಕೂ ಹೆಚ್ಚು ಜನರ ವಿವರಗಳನ್ನು ಒಟ್ಟಿಗೆ ಪರಿಶೀಲಿಸಿತು. ಕ್ರಮಬದ್ಧವಾಗಿ ಎಎ ಸಭೆಗಳೊಂದಿಗೆ ಜೋಡಿಸುವ ಚಿಕಿತ್ಸೆಯಿಂದ ಸತತವಾಗಿ ಮದ್ಯ ಮುಟ್ಟದೆ ಉಳಿಯುವವರ ಪ್ರಮಾಣ ಇತರ ಮಾನಸಿಕ ಚಿಕಿತ್ಸೆಗಳಿಗಿಂತ ಹೆಚ್ಚು ಎಂದು ಅದು ಕಂಡುಕೊಂಡಿತು. ಎಲ್ಲರಿಗೂ ಇದೇ ಹೊಂದುತ್ತದೆ ಎಂದಲ್ಲ. ಹೊಂದುವವರಿಗೂ ಬಾಗಿಲು ಎಲ್ಲಿದೆ ಎಂದು ಗೊತ್ತಾಗುತ್ತಿಲ್ಲ ಎಂಬುದು ನನ್ನ ತಕರಾರು.

ನನ್ನ ತಂಗಿಯ ಗಂಡ ಕಾಫಿ ತೋಟವೊಂದರಲ್ಲಿ ರೈಟರ್ ಆಗಿ ಕೆಲಸ ಮಾಡುವವರು. ಅವರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ನಗರದ ಆಸ್ಪತ್ರೆಯೊಂದರಲ್ಲಿ ಕೆಲವು ವಾರ ಒಳರೋಗಿಯಾಗಿದ್ದು ಮನೆಗೆ ಮರಳಿದಾಗ ಅವರ ಬಿಡುಗಡೆ ಪತ್ರದಲ್ಲಿ ಮಾತ್ರೆಗಳ ಹೆಸರಿನ ಕೆಳಗೆ, ಸ್ವಸಹಾಯ ಗುಂಪಿನ ಸಭೆಗಳಿಗೆ ತಪ್ಪದೆ ಹಾಜರಾಗತಕ್ಕದ್ದು ಎಂಬ ಒಂದು ಸಾಲಿತ್ತು. ಯಾವ ಗುಂಪು, ಎಲ್ಲಿಯ ಸಭೆ ಎಂಬ ವಿವರವಿರಲಿಲ್ಲ. ಬೆಂಗಳೂರಿನವರಿಗೆ ಆ ಒಂದು ಸಾಲು ಸಾಕಾಗಬಹುದು. ಅಲ್ಲಿ ವಾರದ ಎಲ್ಲ ದಿನವೂ, ಕನ್ನಡ, ಇಂಗ್ಲಿಷ್, ತಮಿಳು ಹೀಗೆ ಬೇರೆ ಬೇರೆ ಭಾಷೆಗಳಲ್ಲಿ ಸಭೆಗಳಿವೆ. ಮಲೆನಾಡಿನ ಹೋಬಳಿಯೊಂದರಲ್ಲಿ ಇರುವವರಿಗೆ ಅದು ಔಷಧದ ಹೆಸರಿಲ್ಲದ ಚೀಟಿ ಇದ್ದ ಹಾಗೆ.

ಹಳೆಯ ಕರಪತ್ರವೊಂದರಲ್ಲಿ ಸಿಕ್ಕ ದೂರವಾಣಿ ಸಂಖ್ಯೆ ಚಾಲ್ತಿಯಲ್ಲಿರಲಿಲ್ಲ. ಮೊಬೈಲಿನಲ್ಲಿ ಹುಡುಕಿದರೆ ಮೊದಲು ಬಂದವು ತಿಂಗಳಿಗೆ ಹತ್ತಾರು ಸಾವಿರ ರೂಪಾಯಿ ಕೇಳುವ ಖಾಸಗಿ ಕೇಂದ್ರಗಳ ಜಾಹೀರಾತುಗಳು. ಬಹಳ ಕೆಳಗೆ, ನಮಗೆ ಹತ್ತಿರದ ಪಟ್ಟಣದ ಒಂದು ಶಾಲೆಯ ಹೆಸರು ಮತ್ತು ಭಾನುವಾರ ಎಂಬ ಪದ ಸಿಕ್ಕಿತು. ಭಾನುವಾರ ಇಬ್ಬರೂ ಹೋದೆವು, ಗೇಟಿಗೆ ಬೀಗ. ಬಾಡಿಗೆ ಆಟೋದಲ್ಲಿ ಮರಳುವವರಿದ್ದೆವು, ಅಷ್ಟರಲ್ಲಿ ಕಾವಲುಗಾರ ಬಂದು, ‘ಅವ್ರು ಈಗ ಗುರುವಾರ ಸೇರ್ತಾರೆ ಸಾರ್, ಹಿಂದ್ಗಡೆ ಗೇಟಿಂದ ಬರ್ಬೇಕು, ಮೇಲ್ಗಡೆ ಮೂರ್ನೇ ರೂಮು’ ಎಂದ. ಇಡೀ ಜಿಲ್ಲೆಯಲ್ಲಿ ಆ ಸಭೆಯ ಸರಿಯಾದ ವಿಳಾಸ ಗೊತ್ತಿದ್ದವನು ಆ ಕಾವಲುಗಾರ ಒಬ್ಬನೇ ಎಂದು ಆ ಹೊತ್ತಿಗೆ ನನಗನ್ನಿಸಿತು. ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ಕುಡಿತ ಬಿಡಬೇಕೆಂಬ ನಿರ್ಧಾರ ಗಟ್ಟಿಯಾಗಿರುವ ಹೊತ್ತು ಬಹಳ ಕಡಿಮೆ. ಬೀಗ ಹಾಕಿದ ಗೇಟಿನಿಂದ ಬಸ್ ನಿಲ್ದಾಣಕ್ಕೆ ನಡೆಯುವ ದಾರಿಯಲ್ಲಿ ಎಷ್ಟು ಮದ್ಯದಂಗಡಿಗಳಿವೆ ಎಂಬುದು ಊರಿಗೆ ಹೊಸಬನಾದ ನನ್ನ ಕಣ್ಣಿಗೂ ಬಿತ್ತು. ಜೊತೆಗೆ ಯಾರೂ ಇಲ್ಲದೆ ಬಂದವನಾಗಿದ್ದರೆ ಏನಾಗುತ್ತಿತ್ತೆಂದು ಬಿಡಿಸಿ ಹೇಳಬೇಕಾಗಿಲ್ಲ.

ಗುರುವಾರದ ಸಭೆ ತೆರೆದ ಸಭೆಯಾಗಿದ್ದರಿಂದ ನನ್ನನ್ನೂ ಒಳಗೆ ಬಿಟ್ಟರು. ಅಲ್ಲಿ ಕೇಳಿದ್ದನ್ನು ಹೊರಗೆ ಹೇಳುವಂತಿಲ್ಲ, ಆದ್ದರಿಂದ ಕಂಡದ್ದನ್ನಷ್ಟೇ ಬರೆಯುತ್ತೇನೆ. ಅದು ಎರಡನೆಯ ತರಗತಿಯ ಕೊಠಡಿ. ಗೋಡೆಯ ಮೇಲೆ ಕಾಗುಣಿತದ ಪಟ, ಹಗ್ಗಕ್ಕೆ ನೇತುಹಾಕಿದ ಮಕ್ಕಳ ಚಿತ್ರಗಳು. ಮಕ್ಕಳ ಬೆಂಚುಗಳ ಮೇಲೆ ಐವತ್ತು ಅರವತ್ತರ ವಯಸ್ಸಿನವರು ಮೊಣಕಾಲನ್ನು ಎದೆಯ ತನಕ ಮಡಚಿಕೊಂಡು ಕುಳಿತಿದ್ದರು. ಲಾರಿ ಚಾಲಕರೂ ಇದ್ದರು, ಇಸ್ತ್ರಿ ಮಾಡಿದ ಅಂಗಿಯ ಅಧಿಕಾರಿಗಳಂತೆ ಕಾಣುವವರೂ ಇದ್ದರು. ಒಬ್ಬರು ಮಾತನಾಡುವಾಗ ಇನ್ನೊಬ್ಬರು ನಡುವೆ ಬಾಯಿ ಹಾಕಲಿಲ್ಲ, ಯಾರೂ ಯಾರಿಗೂ ಬುದ್ಧಿ ಹೇಳಲಿಲ್ಲ. ನಮ್ಮ ಯಾವುದೇ ಸಾರ್ವಜನಿಕ ಸಭೆಯಲ್ಲಿ ಇಷ್ಟೊಂದು ಶಿಸ್ತನ್ನು ನಾನು ಕಂಡಿಲ್ಲ. ಕೊನೆಗೆ ಚಹಾದ ಖರ್ಚಿಗೂ ಕೊಠಡಿಯ ವಿದ್ಯುತ್ತಿಗೂ ಒಂದು ಡಬ್ಬಿ ಕೈಯಿಂದ ಕೈಗೆ ಹೋಯಿತು. ಹೊಸಬರು ಹಾಕಬೇಕಾಗಿಲ್ಲವೆಂದು ನಮ್ಮ ಮುಂದೆ ಅದನ್ನು ನಿಲ್ಲಿಸಲೇ ಇಲ್ಲ. ಹೊರಗಿನವರಿಂದ ದೇಣಿಗೆ ಪಡೆಯದೆ, ಸದಸ್ಯರು ಹಾಕುವ ಪುಡಿಗಾಸಿನಲ್ಲೇ ಗುಂಪು ನಡೆಯಬೇಕು ಎಂಬುದು ಅವರ ಕಟ್ಟುಪಾಡಂತೆ.

ಇವರ ಸಭೆ ಗುಟ್ಟಾಗಿ ನಡೆಯಬೇಕಾದದ್ದಲ್ಲವೇ, ಪತ್ರಿಕೆಯಲ್ಲಿ ಹಾಕಿದರೆ ನಿಯಮಕ್ಕೆ ವಿರುದ್ಧವಾಗುವುದಿಲ್ಲವೇ ಎಂದು ತಮ್ಮ ವರದಿಗಾರರು ಕೇಳಬಹುದು. ನಾನೂ ಆ ಗುಂಪಿನ ಹಿರಿಯರೊಬ್ಬರನ್ನು ಅದನ್ನೇ ಕೇಳಿದೆ. ಎಎ ಸಂಪ್ರದಾಯಗಳ ಪ್ರಕಾರ ಮುದ್ರಣ, ರೇಡಿಯೊ ಮತ್ತು ಚಲನಚಿತ್ರಗಳಲ್ಲಿ ಸದಸ್ಯರ ಗುರುತು ಬಹಿರಂಗವಾಗಬಾರದು. ಸಂಘಟನೆ ತನ್ನ ಪರವಾಗಿ ಡಂಗುರ ಹೊಡೆಸಿಕೊಳ್ಳಬಾರದು. ಆ ಕಟ್ಟುನಿಟ್ಟು ಇರುವುದು ಮನುಷ್ಯರ ಹೆಸರು ಮತ್ತು ಮುಖದ ವಿಷಯದಲ್ಲಿ. ಸಭೆಯ ಸ್ಥಳ ಮತ್ತು ಸಮಯ ಗೊತ್ತಾಗದಿದ್ದರೆ ಹೊಸಬ ಬರುವುದಾದರೂ ಹೇಗೆ? ವಿದೇಶಗಳಲ್ಲಿ ಈ ಗುಂಪುಗಳೇ ತಮ್ಮ ಸಭೆಗಳ ಪಟ್ಟಿಯನ್ನು ಅಚ್ಚು ಹಾಕಿಸಿ ಹಂಚುತ್ತವೆ. ಆದ್ದರಿಂದ ಗುಂಪಿನ ಒಪ್ಪಿಗೆ ಪಡೆದು ವಿಳಾಸ ಪ್ರಕಟಿಸುವುದರಲ್ಲಿ ತಪ್ಪೇನೂ ಇಲ್ಲ. ಆದರೆ ವಿಳಾಸ ಸಿಕ್ಕಿತೆಂದು ಛಾಯಾಗ್ರಾಹಕರನ್ನು ಕಳಿಸಿ, ಹಿಂದಿನಿಂದ ತೆಗೆದ ಚಿತ್ರವೆಂದು ಸಮಜಾಯಿಷಿ ಕೊಟ್ಟು ಅಚ್ಚು ಹಾಕುವುದು ಮಾತ್ರ ಬೇಡ. ಸಣ್ಣ ಊರಿನಲ್ಲಿ ಬೆನ್ನು ನೋಡಿಯೇ ಜನ ಗುರುತು ಹಿಡಿಯುತ್ತಾರೆ.

ಸರಿಯಾದ ವಿಳಾಸ ಇಲ್ಲದ ಜಾಗದಲ್ಲಿ ತಪ್ಪು ವಿಳಾಸಗಳು ತುಂಬಿಕೊಳ್ಳುತ್ತಿವೆ. ನಮ್ಮ ಬಸ್ ನಿಲ್ದಾಣದ ಕಂಬಗಳ ಮೇಲೆ, ಶೌಚಾಲಯದ ಗೋಡೆಯ ಮೇಲೆ, ಕೆಲವು ಪತ್ರಿಕೆಗಳ ವರ್ಗೀಕೃತ ಜಾಹೀರಾತಿನಲ್ಲೂ, ಕುಡಿಯುವವರಿಗೆ ಗೊತ್ತಾಗದಂತೆ ಊಟದಲ್ಲಿ ಬೆರೆಸಿ ಕುಡಿತ ಬಿಡಿಸಿ ಎಂಬ ಪುಡಿಗಳ ಸಂಖ್ಯೆಗಳು ಎದ್ದು ಕಾಣುತ್ತವೆ. ಆ ಪೊಟ್ಟಣಗಳಲ್ಲಿ ಏನಿದೆ ಎಂಬುದು ಮಾರುವವನಿಗಾದರೂ ಗೊತ್ತಿದೆಯೋ ಇಲ್ಲವೋ. ಕುಡಿತ ಬಿಡಿಸಲು ವೈದ್ಯರು ಕೆಲವರಿಗೆ ಡೈಸಲ್ಫಿರಾಮ್ ಎಂಬ ಮಾತ್ರೆಯನ್ನು ಕೊಡುವುದುಂಟು; ಅದನ್ನು ನುಂಗಿದ ಮೇಲೆ ಮದ್ಯ ಕುಡಿದರೆ ಮುಖ ಕೆಂಪೇರಿ, ಎದೆ ಬಡಿದುಕೊಂಡು, ವಾಂತಿಯಾಗಿ, ರಕ್ತದೊತ್ತಡ ಕುಸಿಯುತ್ತದೆ, ಪ್ರಾಣಕ್ಕೂ ಅಪಾಯವಾಗಬಹುದು. ಮಾತ್ರೆ ನಿಲ್ಲಿಸಿದ ನಂತರವೂ ಎರಡು ವಾರಗಳವರೆಗೆ ಈ ಪರಿಣಾಮ ಉಳಿಯಬಹುದು. ಆದ ಕಾರಣ, ರೋಗಿಗೆ ಪೂರ್ತಿ ತಿಳಿಸಿ, ಅವನ ಹೃದಯ ಮತ್ತು ಯಕೃತ್ತನ್ನು ಪರೀಕ್ಷಿಸಿದ ಮೇಲೆ ಮಾತ್ರ ಕೊಡಬೇಕಾದ ಔಷಧವದು. ಗುಟ್ಟಾಗಿ ಸಾರಿನಲ್ಲಿ ಕದಡಿ ಹಾಕುವ ತಾಯಂದಿರನ್ನು ನಾನು ಬಯ್ಯಲಾರೆ. ಅವರಿಗೆ ಸಿಕ್ಕ ವಿಳಾಸ ಅದೊಂದೇ.

ಸಭೆಗೆ ಹೋಗಲು ಹೊರಟವರಿಗೂ ಒಂದು ಎಚ್ಚರಿಕೆಯ ಮಾತನ್ನು ನನ್ನ ವೃತ್ತಿಯ ಋಣವಾಗಿ ಇಲ್ಲಿ ಸೇರಿಸುತ್ತೇನೆ. ವರ್ಷಗಟ್ಟಲೆ ದಿನವೂ ಕುಡಿದ ದೇಹ ಒಮ್ಮೆಗೇ ಮದ್ಯ ನಿಂತರೆ ತಿರುಗಿ ಬೀಳುತ್ತದೆ. ಕೊನೆಯ ಕುಡಿತದ ಆರೆಂಟು ಗಂಟೆಗಳಲ್ಲೇ ಕೈ ನಡುಕ, ಬೆವರು, ಗಾಬರಿ ಶುರುವಾಗುತ್ತವೆ; ಮೊದಲ ಎರಡು ದಿನಗಳೊಳಗೆ ಫಿಟ್ಸ್ ಬರಬಹುದು; ಎರಡರಿಂದ ನಾಲ್ಕನೆಯ ದಿನದ ಹೊತ್ತಿಗೆ ಕೆಲವರಿಗೆ ಇಲ್ಲದ್ದು ಕಾಣುವುದು, ಗೋಡೆಯ ಮೇಲೆ ಹುಳ ಹರಿದಂತಾಗುವುದು, ಮನೆಯವರ ಗುರುತೇ ಸಿಗದಂತಾಗುವುದೂ ಉಂಟು. ಹಳ್ಳಿಗಳಲ್ಲಿ ಇದನ್ನು ಗಾಳಿ ಸೋಕಿದ್ದು ಎಂದುಕೊಂಡು ಅಂತ್ರ ಕಟ್ಟಿಸಲು ಓಡುತ್ತಾರೆ. ಇದಕ್ಕೆ ಆಸ್ಪತ್ರೆಯಲ್ಲಿ ಪರಿಣಾಮಕಾರಿ ಚಿಕಿತ್ಸೆಯಿದೆ. ಚಿಕಿತ್ಸೆ ಕೊಡದೆ ಬಿಟ್ಟರೆ ಜೀವ ಹೋಗಬಹುದು. ಇಂಥವರಿಗೆ ಬಿ1 ಜೀವಸತ್ವವಾದ ಥಯಾಮಿನ್ ಕೊಡದೆ ಬರೀ ಗ್ಲುಕೋಸ್ ಏರಿಸಿದರೆ ಮಿದುಳಿಗೆ ಹಾನಿಯಾಗಬಹುದೆಂಬುದು ವೈದ್ಯಕೀಯ ಪಾಠ. ಒಂದು ಬಾಟಲಿ ಡ್ರಿಪ್ ಹಾಕಿಸಿಬಿಡಿ ಎಂದು ದುಂಬಾಲು ಬೀಳುವ ಬಂಧುಗಳಿಗೆ ಅದು ಗೊತ್ತಿರುವುದಿಲ್ಲ. ಹೀಗಾಗಿ ಮೊದಲು ವೈದ್ಯರು, ಅವರ ಸಲಹೆಯಂತೆ ದೇಹ ಹದಕ್ಕೆ ಬರುತ್ತಿದ್ದಂತೆ ಸಭೆ. ಸಭೆಯ ವಿಳಾಸ ಪ್ರಕಟಿಸುವಾಗ ಈ ಎಚ್ಚರಿಕೆಯನ್ನೂ ಒಂದು ವಾಕ್ಯದಲ್ಲಿ ಸೇರಿಸಬೇಕು.

ನಮ್ಮ ನಾಡಿಗೆ ಈ ಕೆಲಸ ಹೊಸದಲ್ಲ. ಇಳಕಲ್ಲಿನ ಡಾ. ಮಹಾಂತ ಶಿವಯೋಗಿಗಳು ಹೆಗಲಿಗೆ ಜೋಳಿಗೆ ಹಾಕಿಕೊಂಡು ಮನೆ ಮನೆಗೆ ಹೋಗಿ, ದುಡ್ಡು ಧಾನ್ಯಗಳ ಬದಲು ಜನರ ದುಶ್ಚಟಗಳನ್ನೇ ಭಿಕ್ಷೆ ಕೇಳಿದರು. ಅವರ ಜನ್ಮದಿನವಾದ ಆಗಸ್ಟ್ 1ನ್ನು ರಾಜ್ಯ ಸರ್ಕಾರ ವ್ಯಸನಮುಕ್ತ ದಿನವಾಗಿ ಆಚರಿಸುತ್ತದೆ. ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯೊಂದಿಗೆ ಸೇರಿ ಜನಜಾಗೃತಿ ವೇದಿಕೆ ಊರೂರುಗಳಲ್ಲಿ ಮದ್ಯವರ್ಜನ ಶಿಬಿರಗಳನ್ನು ನಡೆಸುತ್ತಾ ಬಂದಿದೆ. ಶಿಬಿರ ಮುಗಿಸಿದವರು ಒಟ್ಟಾಗಿರಲು ನವಜೀವನ ಸಮಿತಿಗಳೂ ಇವೆ. 2019ರ ಜನವರಿಯಲ್ಲಿ ಮದ್ಯ ನಿಷೇಧಕ್ಕೆ ಒತ್ತಾಯಿಸಿ ಸಾವಿರಾರು ಹೆಣ್ಣುಮಕ್ಕಳು ಚಿತ್ರದುರ್ಗದಿಂದ ಬೆಂಗಳೂರಿಗೆ ಕಾಲ್ನಡಿಗೆಯಲ್ಲಿ ಹೋದದ್ದು ತಮ್ಮ ಓದುಗರಿಗೆ ನೆನಪಿರಬಹುದು. ನಿಷೇಧ ಬೇಕೋ ಬೇಡವೋ ಎಂಬ ಚರ್ಚೆಗೆ ನಾನಿಲ್ಲಿ ಇಳಿಯುವುದಿಲ್ಲ. 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಂತಿತು, ಸಾರಾಯಿ ಕುಡಿಯುತ್ತಿದ್ದವರಲ್ಲಿ ಎಷ್ಟೋ ಮಂದಿ ಅಗ್ಗದ ವಿಸ್ಕಿಯ ಸಣ್ಣ ಪೊಟ್ಟಣಕ್ಕೆ ಹೊರಳಿದರು ಎಂಬುದನ್ನು ನಾನು ಕಿಟಕಿಯ ಈಚೆಯಿಂದ ನೋಡಿದ್ದೇನೆ ಎಂದಷ್ಟೇ ಹೇಳುತ್ತೇನೆ.

ಶಿಬಿರ ವಾರದಲ್ಲಿ ಮುಗಿಯುತ್ತದೆ, ಆಸ್ಪತ್ರೆಯ ವಾಸ ಕೆಲವು ವಾರಗಳಲ್ಲಿ ಮುಗಿಯುತ್ತದೆ. ಆಮೇಲೆ ಬರುವ ಮೊದಲ ಬಟವಾಡೆಯ ದಿನ ಏನು ಮಾಡಬೇಕು ಎಂಬ ಪ್ರಶ್ನೆಗೆ ಉತ್ತರ ಇರುವುದು ವಾರ ವಾರದ ಸಭೆಯಲ್ಲಿ. ಕಾಫಿ ತೋಟದ ಕಡೆ ವಾರದ ಬಟವಾಡೆ, ವಾರದ ಸಂತೆ ಮತ್ತು ವಾರದ ಕುಡಿತ ಒಂದಕ್ಕೊಂದು ಹೆಣೆದುಕೊಂಡಿವೆ. ಕೂಲಿ ಕೈಗೆ ಬಂದು, ಸಂತೆಯ ಚೀಲ ಹಿಡಿದು ಪೇಟೆಗೆ ಇಳಿದವನು ಈರುಳ್ಳಿ ಕೊಳ್ಳುವ ಮೊದಲು ಅಂಗಡಿಯ ಮುಂದೆ ಹಾದುಹೋಗಲೇಬೇಕು. ಆ ದಿನ, ಆ ಪೇಟೆಯಲ್ಲೇ, ಮಧ್ಯಾಹ್ನ ಮೂರರ ಹೊತ್ತಿಗೆ ಶಾಲೆಯ ಒಂದು ಕೊಠಡಿಯಲ್ಲಿ ಸಭೆ ಇದ್ದರೆ ಎಷ್ಟೋ ಚೀಲಗಳು ತುಂಬಿ ಮನೆಗೆ ಹೋದಾವು. ಈಗಿರುವ ಸಭೆಗಳ ಸಮಯ ಪಟ್ಟಣದ ನೌಕರಸ್ಥರಿಗೆ ಹೊಂದುವಂಥದು. ನಾವು ಹೋದ ಸಭೆ ಮುಗಿಯುವುದು ರಾತ್ರಿ ಎಂಟಕ್ಕೆ. ನಮ್ಮ ಹೋಬಳಿಯ ಕಡೆಯ ಬಸ್ಸು ಹೊರಡುವುದು ಏಳೂ ಮುಕ್ಕಾಲಿಗೆ. ನನ್ನ ತಂಗಿಯ ಗಂಡನನ್ನು ಸದಸ್ಯರೊಬ್ಬರು ತಮ್ಮ ಬೈಕಿನಲ್ಲಿ ಮನೆಯ ತನಕ ಬಿಟ್ಟು ಹೋಗುತ್ತಿದ್ದುದರಿಂದ ಅವರು ಸಭೆಗಳಲ್ಲಿ ಉಳಿದರು. ಬೈಕಿನವರು ಸಿಗದವರು ಬರುವುದನ್ನೇ ಬಿಡುತ್ತಾರೆ.

ಇನ್ನೊಂದು ತೊಡಕನ್ನು ಮುಚ್ಚಿಡದೆ ಹೇಳಬೇಕು. ಸಭೆಗಳು ಬಹಳ ಕಡೆ ಚರ್ಚಿನ ಆವರಣದಲ್ಲಿ ಅಥವಾ ಚರ್ಚ್ ನಡೆಸುವ ಶಾಲೆಗಳಲ್ಲಿ ನಡೆಯುತ್ತವೆ. ಕಡಿಮೆ ಖರ್ಚಿಗೆ ಕೊಠಡಿ ಕೊಡುವವರು ಹೆಚ್ಚಾಗಿ ಅವರೇ ಆದ್ದರಿಂದ ಹೀಗಾಗಿದೆ. ಆದರೆ ಮತಾಂತರದ ಗುಸುಗುಸು ಹಬ್ಬಲು ಸಣ್ಣ ಊರಿನಲ್ಲಿ ಇಷ್ಟು ಸಾಕು. ನನ್ನ ತಂಗಿಯ ಅತ್ತೆಯವರೇ ಮೊದಲು ಕೇಳಿದ ಪ್ರಶ್ನೆ ಅದು. ಸಭೆಯಲ್ಲಿ ಪ್ರಾರ್ಥನೆ ಇದೆ, ದೇವರ ಮಾತೂ ಬರುತ್ತದೆ. ಆದರೆ ಆ ದೇವರು ಯಾರು ಎಂಬುದನ್ನು ಅವರವರ ತಿಳಿವಳಿಕೆಗೇ ಬಿಟ್ಟಿದ್ದಾರೆ, ನಂಬದವರನ್ನು ಹೊರಗಟ್ಟುವುದೂ ಇಲ್ಲ. ಈ ಅನುಮಾನ ಹೋಗಬೇಕಾದರೆ ಸಮುದಾಯ ಭವನ, ಗ್ರಂಥಾಲಯದ ಹಜಾರ, ಸರ್ಕಾರಿ ಶಾಲೆಯ ಕೊಠಡಿಗಳೂ ಸಂಜೆ ಒಂದೂವರೆ ಗಂಟೆ ಈ ಸಭೆಗಳಿಗೆ ತೆರೆಯಬೇಕು. ಶಾಲಾಭಿವೃದ್ಧಿ ಸಮಿತಿಯವರು ಮನಸ್ಸು ಮಾಡಿದರೆ ಇದಕ್ಕೆ ಬಿಡಿಗಾಸೂ ಖರ್ಚಾಗುವುದಿಲ್ಲ.

ಮನೆಯವರ ಗುಂಪುಗಳ ಬಗ್ಗೆ ನಮ್ಮಲ್ಲಿ ಕೇಳಿದವರೇ ಕಡಿಮೆ. ಬಿಲ್ ವಿಲ್ಸನ್ ಅವರ ಹೆಂಡತಿ ಲೋಯಿಸ್ ಮತ್ತಿತರರು 1951ರಲ್ಲಿ ಆರಂಭಿಸಿದ ಅಲ್-ಅನಾನ್ ಎಂಬ ಗುಂಪು ಕುಡಿಯುವವರ ಮನೆಯವರಿಗಾಗಿಯೇ ಇರುವಂಥದು; ಹದಿಹರೆಯದ ಮಕ್ಕಳಿಗೆ ಅದರದೇ ಬೇರೆ ಶಾಖೆಯಿದೆ. ಗಂಡ ಸಭೆಗೆ ಬರಲು ಒಪ್ಪದಿದ್ದರೂ ಹೆಂಡತಿ ಹೋಗಬಹುದು. ನನ್ನ ತಂಗಿ ಮೊಬೈಲಿನ ಮೂಲಕ ಇಂಥದೊಂದು ಗುಂಪಿಗೆ ಸೇರಿದಳು, ಹತ್ತಿರದಲ್ಲಿ ಎಲ್ಲೂ ಇಲ್ಲದ್ದರಿಂದ. ಸ್ವತಃ ಕುಡಿತಕ್ಕೆ ಸಿಲುಕಿದ ಹೆಣ್ಣುಮಕ್ಕಳ ಪಾಡು ಇನ್ನೂ ಕಷ್ಟದ್ದು. ಗಂಡಸರೇ ತುಂಬಿದ ಕೊಠಡಿಗೆ ಅವರು ಬರಲಾರರು, ಊರಿನವರ ಬಾಯಿಗೆ ಹೆದರಿ ಆಸ್ಪತ್ರೆಗೂ ಹೋಗಲಾರರು. ಕೋವಿಡ್ ಕಾಲದಲ್ಲಿ ಶುರುವಾದ ಆನ್‌ಲೈನ್ ಸಭೆಗಳಲ್ಲಿ ಹೆಣ್ಣುಮಕ್ಕಳಿಗಾಗಿಯೇ ಇರುವವೂ ಇವೆ. ಪಟ್ಟಿಯಲ್ಲಿ ಅವುಗಳಿಗೂ ಜಾಗ ಬೇಕು.

ಸರ್ಕಾರದ ಕಡೆಯಿಂದ ಏನೂ ಇಲ್ಲವೆಂದು ಹೇಳಿದರೆ ಅನ್ಯಾಯವಾದೀತು. ರಾಷ್ಟ್ರೀಯ ವ್ಯಸನಮುಕ್ತಿ ಸಹಾಯವಾಣಿ 14446 ಇದೆ. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಹಗಲಿರುಳು ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು. ಅದರ ರಾಷ್ಟ್ರಮಟ್ಟದ ಕೇಂದ್ರ ನಮ್ಮ ನಿಮ್ಹಾನ್ಸ್. ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೇ ಮೀಸಲಾದ ವಿಭಾಗವಿದೆ. ಮದ್ಯಪಾನ ಸಂಯಮ ಮಂಡಳಿ ಎಂಬ ರಾಜ್ಯದ ಸಂಸ್ಥೆಯೂ ಇದೆ. ಆದರೆ ಕರೆ ಮಾಡಿದವನು ಆಲೂರಿನವನೋ, ಮೂಡಿಗೆರೆಯವನೋ, ಸಿಂಧನೂರಿನವನೋ ಎಂದು ಕೇಳಿ, ನಿಮ್ಮ ಹತ್ತಿರದ ಸಭೆ ಇಂಥ ಕಡೆ, ಇಂಥ ವಾರ ಎಂದು ಹೇಳಲು ಆ ಕಡೆ ಕೂತವರ ಮುಂದೆ ತಾಲ್ಲೂಕುವಾರು ಪಟ್ಟಿ ಇರಬೇಕು. 2025–26ನೇ ಸಾಲಿನ ರಾಜ್ಯ ಬಜೆಟ್ ಅಬಕಾರಿಯಿಂದ ನಿರೀಕ್ಷಿಸಿದ ವರಮಾನ 40,000 ಕೋಟಿ ರೂಪಾಯಿ. ಅಷ್ಟು ಹಣ ಕೊಡುವವರ ಪೈಕಿ ಬಿಡಬೇಕೆಂದು ಹೊರಟವರಿಗೆ ಒಂದು ವಿಳಾಸ ಪಟ್ಟಿಯನ್ನು ಸಿದ್ಧಪಡಿಸಿ ಕೊಡುವುದು ಬೊಕ್ಕಸಕ್ಕೆ ಹೊರೆಯಾಗಲಾರದು. 2019ರಿಂದ ಪ್ರತಿ ಬಾಟಲಿಯ ಮೇಲೂ ಮದ್ಯಪಾನ ಆರೋಗ್ಯಕ್ಕೆ ಹಾನಿಕರ ಎಂಬ ಎಚ್ಚರಿಕೆಯನ್ನು ಆಹಾರ ಸುರಕ್ಷತಾ ಪ್ರಾಧಿಕಾರ ಕಡ್ಡಾಯ ಮಾಡಿದೆ. ಹಾನಿಕರವೆಂದು ಕುಡಿಯುವವನಿಗೆ ಮೊದಲೇ ಗೊತ್ತು. ಅದೇ ಚೀಟಿಯ ಮೇಲೆ, ಅದೇ ಅಳತೆಯ ಅಕ್ಷರದಲ್ಲಿ, ಸಹಾಯವಾಣಿಯ ಐದು ಅಂಕಿಗಳನ್ನೂ ಅಚ್ಚು ಹಾಕಿದರೆ ಪ್ರಯೋಜನವಾದೀತು.

ಅಲ್ಲಿಯವರೆಗೆ ಹುಡುಕುವವರು ತಾವೇ ಹುಡುಕಬೇಕು. ಸಿಕ್ಕ ಸಂಖ್ಯೆಗೆ ಕರೆ ಮಾಡಿದಾಗ ಸ್ಥಳ ಮತ್ತು ಸಮಯವನ್ನಷ್ಟೇ ಕೇಳಿ ಇಟ್ಟುಬಿಡಬಾರದು. ಸಭೆ ಈ ತಿಂಗಳೂ ನಡೆಯುತ್ತಿದೆಯೇ, ಯಾವ ಭಾಷೆಯಲ್ಲಿ, ತೆರೆದದ್ದೋ ಮುಚ್ಚಿದ್ದೋ, ಯಾವ ಗೇಟಿನಿಂದ ಬರಬೇಕು, ಬಸ್ ನಿಲ್ದಾಣದ ತನಕ ಯಾರಾದರೂ ಬಂದು ಕರೆದುಕೊಂಡು ಹೋಗುತ್ತಾರೆಯೇ ಎಂಬುದನ್ನೂ ಕೇಳಬೇಕು. ಕೊನೆಯ ಪ್ರಶ್ನೆಗೆ ಅವರು ಬಹುಮಟ್ಟಿಗೆ ಬರುತ್ತೇವೆ ಎಂದೇ ಹೇಳುತ್ತಾರೆ. ಹಣ ಕೇಳಿದರೆ, ರೋಗಿಯನ್ನು ಕಟ್ಟಿಹಾಕಿ ಕರೆದೊಯ್ಯುತ್ತೇವೆ ಎಂದರೆ, ಅದು ಈ ಬಗೆಯ ಸಭೆ ಅಲ್ಲವೆಂದು ತಿಳಿದು ಫೋನ್ ಇಡಬೇಕು. ಮನೆಯವರ ಕೈಗೂ ಸಿಗದಂತೆ ಬೀಗ ಹಾಕಿಡುವ ಖಾಸಗಿ ಕೇಂದ್ರಗಳ ವಿಷಯದಲ್ಲಿ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ರೋಗಿಯ ಪರವಾಗಿದೆ. ಅಂಥ ಕೇಂದ್ರಗಳು ಆ ಕಾಯ್ದೆಯಡಿ ನೋಂದಣಿಯಾಗಿವೆಯೇ ಎಂದು ಕೇಳುವ ಹಕ್ಕು ಎಲ್ಲರಿಗೂ ಇದೆ.

ತಮ್ಮ ಅಂಕಣಕ್ಕೆ ಬೇಕಾದ ಜಾಗ ಹೆಚ್ಚೆಂದರೆ ಹತ್ತು ಸಾಲು. ಗುಂಪಿನ ಹೆಸರು, ಊರು, ಗುರುತಿಗೆ ಹತ್ತಿರದ ಕಟ್ಟಡ, ವಾರ, ಸಮಯ, ಭಾಷೆ, ತೆರೆದ ಸಭೆಯೋ ಮುಚ್ಚಿದ ಸಭೆಯೋ ಎಂಬ ಸೂಚನೆ, ಕೆಳಗೆ ಎರಡು ಸಹಾಯವಾಣಿಗಳು, ಮತ್ತು ಈ ವಿವರವನ್ನು ಯಾವ ತಿಂಗಳಲ್ಲಿ ಪರಿಶೀಲಿಸಲಾಯಿತು ಎಂಬ ಮಾತು. ಈ ಕೊನೆಯದನ್ನು ಬಿಡಬಾರದು. ಹಳೆಯ ವಿಳಾಸದಿಂದ ಆಗುವ ಹಾನಿ ವಿಳಾಸವೇ ಇಲ್ಲದಿರುವುದಕ್ಕಿಂತ ಹೆಚ್ಚು. ಯಾವುದಾದರೂ ಸಭೆ ನಿಂತಿದೆಯೆಂದು ತಿಳಿದ ವಾರವೇ ಆ ಸಾಲನ್ನು ತೆಗೆದುಹಾಕಬೇಕು. ನಮ್ಮ ತಾಲ್ಲೂಕಿನ ಮತ್ತು ಅಕ್ಕಪಕ್ಕದ ಎರಡು ತಾಲ್ಲೂಕುಗಳ ಮಟ್ಟಿಗೆ ಪ್ರತಿ ತಿಂಗಳ ಕೊನೆಯ ವಾರ ವಿಚಾರಿಸಿ ತಮ್ಮ ಜಿಲ್ಲಾ ಕಚೇರಿಗೆ ಬರೆದು ತಿಳಿಸಲು ನಾನು ಸಿದ್ಧನಿದ್ದೇನೆ. ಈ ತಿಂಗಳ ವಿವರವನ್ನು ಆಯಾ ಗುಂಪಿನವರ ಒಪ್ಪಿಗೆಯೊಂದಿಗೆ ಪ್ರತ್ಯೇಕ ಹಾಳೆಯಲ್ಲಿ ಬರೆದು ಈ ಪತ್ರಕ್ಕೆ ಲಗತ್ತಿಸಿದ್ದೇನೆ.

ತಮ್ಮ ವಿಶ್ವಾಸಿ,
ನಿವೃತ್ತ ಫಾರ್ಮಸಿಸ್ಟ್, ಹಾಸನ ಜಿಲ್ಲೆ
(ಮನೆಯವರ ಹಿತದೃಷ್ಟಿಯಿಂದ ನನ್ನ ಹೆಸರನ್ನು ಪ್ರಕಟಿಸಬಾರದೆಂದು ವಿನಂತಿ)